‘ಒನ್ಸ್ ಮೋರ್’ ಕೂಗಿದವನ ತಪ್ಪೊಪ್ಪಿಗೆ

ಮೊದಲ ಚಿತ್ರ ನೂರು ದಿನ ಓಡಿದ ನಾಯಕನ ಎರಡನೇ ಚಿತ್ರಕ್ಕೆ ಮೊದಲ ದಿನ ಮೊದಲ ಆಟಕ್ಕೇ ನುಗ್ಗಿ, ಇಂಟರ್‌ವಲ್‌ನಲ್ಲಿ ಶೇಂಗಾ ಪೊಟ್ಟಣ ಮುದ್ದೆ ಮಾಡಿ ಬಿಸಾಕಿ, ‘ಮೊದಲಿನಂಗ ಇಲ್ಲಲೇ’ ಎಂದು ಎದ್ದು ಬಂದವರು ನಿಮ್ಮಲ್ಲಿ ಎಷ್ಟು ಮಂದಿ? ಸಂಕೋಚ ಬೇಡ, ಕೈ ಎತ್ತಿ. ನಾನಂತೂ ಎರಡೂ ಕೈ ಎತ್ತಿದ್ದೇನೆ!

ಆದರೆ ಇವತ್ತು ನಾನು ಬರೆಯಹೊರಟಿರುವುದು ಸಿನಿಮಾ ಬಗ್ಗೆ ಅಲ್ಲ. ಒಂದು ರಾಕ್ ತಂಡದ ಎರಡನೇ ಆಲ್ಬಮ್ಮಿನ ಬಗ್ಗೆ. ಜೊತೆಗೆ ಖಾನಾಪುರದ ಒಬ್ಬ ಹುಡುಗನ ಬಗ್ಗೆ. ಎರಡಕ್ಕೂ ಏನು ಸಂಬಂಧ ಅಂತೀರಾ? ಎರಡರ ವಿಷಯದಲ್ಲೂ ನಾನು ಮಾಡಿದ್ದು ಒಂದೇ ತಪ್ಪು.

ನಮ್ಮಂಥ ಸಿನಿಮಾ ಹುಚ್ಚರಿಗೆ ರಘು ದೀಕ್ಷಿತ್ ಎಂಬ ಹೆಸರು ಮೊದಲು ಕಿವಿಗೆ ಬಿದ್ದದ್ದು 2008ರ ‘ಸೈಕೋ’ ಚಿತ್ರದಿಂದ. ಮಾದೇಶ್ವರನ ಮೇಲಿನ ಆ ಹಾಡು ಬೆಳಗಾವಿಯ ಟಂಟಂಗಳಲ್ಲಿ, ಚಹಾದ ಅಂಗಡಿಗಳಲ್ಲಿ, ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಹೇಗೆ ಮೊಳಗಿತು ಅನ್ನುವುದು ಗೊತ್ತಿದ್ದವರಿಗೆ ಗೊತ್ತು. ಅದೇ ವರ್ಷ ಅವರ ಮೊದಲ ಆಲ್ಬಮ್ಮೂ ಬಂತು. ನಾನಾಗ ಬೆಳಗಾವಿಯಲ್ಲಿ ಬಿ.ಕಾಂ. ಓದುವ ನೆಪದಲ್ಲಿ ಟಿಳಕವಾಡಿಯ ಮೂರನೇ ಗೇಟಿನ ಹತ್ತಿರ ರೂಮು ಮಾಡಿಕೊಂಡಿದ್ದೆ. ರೂಮಿನ ಪಾಲುದಾರ ಖಾನಾಪುರದವನು. ಅವನನ್ನು ನಾವು ಕರೆಯುತ್ತಿದ್ದುದೇ ‘ಖಾನಾಪುರ’ ಅಂತ. ಇಲ್ಲೂ ಅದೇ ಹೆಸರು ಸಾಕು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಇವನ ಆಸ್ತಿ ಒಂದು ಹಳೇ ಗಿಟಾರು.

ಒಂದು ರಾತ್ರಿ ಖಾನಾಪುರ ಮೊಬೈಲು ನನ್ನ ಕಿವಿಗೆ ಹಿಡಿದು, “ಕೇಳಲೇ ಇದನ್ನ. ನಮ್ಮ ಶರೀಫಜ್ಜನ ಹಾಡಿಗೆ ಗಿಟಾರ್ ಹಾಕ್ಯಾರ” ಅಂದ. ‘ಗುಡುಗುಡಿಯ ಸೇದಿ ನೋಡೋ’. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು 1889ರಲ್ಲಿ ತೀರಿಕೊಂಡವರು. ನಮ್ಮ ಕಡೆ ಭಜನಾ ಮಂಡಳಿಯ ಹಿರಿಯರು ಏಕತಾರಿ ಹಿಡಿದು ಹಾಡುತ್ತಿದ್ದ ಪದ. ಅದು ಡ್ರಮ್ಸ್ ಜೊತೆ, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕನ ದನಿಯಲ್ಲಿ ಬಂದರೆ ಇಪ್ಪತ್ತರ ಹುಡುಗರು ಸುಮ್ಮನೆ ಕೂತಾರೆಯೆ?

ಈ ರಘು ದೀಕ್ಷಿತರ ಕಥೆಯೇ ಒಂದು ಸಿನಿಮಾ. ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ ಸಹಪಾಠಿಯ ಜೊತೆ ಹೂಡಿದ ಪಂದ್ಯಕ್ಕಾಗಿ! 1990ರ ದಶಕದ ಕೊನೆಗೆ ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ತಂಡ ಕಟ್ಟಿದರು. ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ಜೋಡಿ ವಿಶಾಲ್-ಶೇಖರ್ ಮುಂಬಯಿಯಲ್ಲಿ ಇವರ ಹಾಡು ಕೇಳಿ, ಆಲ್ಬಮ್ ಹೊರತಂದರು. ಲೆಕ್ಕ ಹಾಕಿ ನೋಡಿ: ಆ ಮೊದಲ ಆಲ್ಬಮ್ಮಿನ ಹಿಂದೆ ಹತ್ತು ವರ್ಷದ ಅಲೆದಾಟ ಇತ್ತು. ಅಷ್ಟು ಕಾಲದಲ್ಲಿ ಊರೂರಿನ ವೇದಿಕೆಯ ಮೇಲೆ ಹಾಡಿ, ಜನ ಆಕಳಿಸಿದ ಕಡೆ ತಿದ್ದಿ, ಚಪ್ಪಾಳೆ ಬಿದ್ದ ಕಡೆ ಬೆಳೆಸಿ, ಉಳಿದದ್ದು ಮಾತ್ರ ನಮ್ಮ ಕಿವಿಗೆ ಬಂತು. ಈ ಲೆಕ್ಕ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಬಿ.ಕಾಂ. ಓದಿ ಏನು ಬಂತು!

2009ರ ಫೆಬ್ರವರಿ. ಕಾಲೇಜಿನ ಗ್ಯಾದರಿಂಗ್. ಖಾನಾಪುರನ ಗಿಟಾರು, ಶಹಾಪುರದ ಒಬ್ಬನ ಢೋಲಕ್, ವಡಗಾವಿಯ ಒಬ್ಬನ ಕೀಬೋರ್ಡು. ನನ್ನ ಕೆಲಸ ಮೈಕ್ ಹಿಡಿದು ಹೆಸರು ಕೂಗುವುದು. ಅದೇ ಶರೀಫರ ಪದ ಎತ್ತಿಕೊಂಡೆವು. ಅಬ್ಬಾ! ಹಿಂದಿನ ಬೆಂಚಿನವರು ಬೆಂಚಿನ ಮೇಲೆ ಹತ್ತಿದರು. ಮೂರು ಸಲ ಒನ್ಸ್ ಮೋರ್. ಆಮೇಲೆ ಬೇರೆ ಕಾಲೇಜುಗಳು ಕರೆದವು. ಗಣೇಶೋತ್ಸವಕ್ಕೆ ಎರಡು ಮಂಡಳದವರು ಕರೆದರು. ಟಿಳಕರು 1905ರಲ್ಲಿ ಸಾರ್ವಜನಿಕ ಗಣಪತಿ ಕೂರಿಸಿದ ಊರು ನಮ್ಮದು. ಇಲ್ಲಿ ಗಣಪತಿ ಪೆಂಡಾಲಿನಲ್ಲಿ ಹಾಡುವುದು ಸಣ್ಣ ಮಾತಲ್ಲ. ಹಣ ಬಂತು, ಜೊತೆಗೆ ಮಂಡಳದವರು ಡಬ್ಬಿಗಟ್ಟಲೆ ಕುಂದಾ ಕೊಟ್ಟರು. ನಾನು ಮ್ಯಾನೇಜರ್ ಆದೆ. ಅಂದರೆ, ಹಾಗೆಂದು ನಾನೇ ಹೇಳಿಕೊಂಡೆ.

ಆ ಮಳೆಗಾಲ ಖಾನಾಪುರ ಊರಿಗೆ ಹೋದವನು ನಾಲ್ಕು ಹೊಸ ಹಾಡು ಬರೆದುಕೊಂಡು ಬಂದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ನೀಲಿ ಪೆನ್ನಿನಲ್ಲಿ. ಒಂದು ಹಂಚಿನ ಭಟ್ಟಿಯ ಮೇಲೆ: ಮಳೆ ಹಿಡಿದರೆ ಹಸಿ ಹಂಚು ಒಣಗುವುದಿಲ್ಲ, ಅಪ್ಪನಿಗೆ ಕೆಲಸ ಇಲ್ಲ, ಮನೆಯ ಸೂರಿನ ಹಂಚು ಮಾತ್ರ ಸೋರುತ್ತದೆ. ಇನ್ನೊಂದು, ಅವನ ತಾಯಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಮರಾಠಿ ಓವಿಯ ಧಾಟಿಗೆ ಕನ್ನಡ ಮಾತು ಕೂರಿಸಿದ್ದು. ಉಳಿದೆರಡು ಯಾವುವು ಅಂತ ಆಗ ನಾನು ಕೇಳಲೂ ಇಲ್ಲ.

2010ರ ಗ್ಯಾದರಿಂಗ್. ಸಭಾಂಗಣ ತುಂಬಿ ಬಾಗಿಲಲ್ಲೂ ನಿಂತಿದ್ದರು. ಖಾನಾಪುರ ಹಂಚಿನ ಹಾಡು ಎತ್ತಿಕೊಂಡ. ನಿಧಾನದ ಹಾಡು. ಒಂದು ನುಡಿ ಮುಗಿಯಿತೋ ಇಲ್ಲವೋ, ಹಿಂದಿನಿಂದ “ಗುಡುಗುಡಿ! ಗುಡುಗುಡಿ!” ಶುರುವಾಯಿತು. ಪರದೆಯ ಪಕ್ಕ ನಿಂತಿದ್ದ ನಾನು ಕೈಯಲ್ಲಿ ಸನ್ನೆ ಮಾಡಿದೆ, ಬದಲಿಸು ಅಂತ. ಅವನು ನೋಡಿದ, ಹಾಡು ಮುಂದುವರಿಸಿದ. ಆಗ ನಾನು ಏನು ಮಾಡಿದೆ ಗೊತ್ತೆ? ಸೀದಾ ವೇದಿಕೆಗೆ ಹೋಗಿ ಮೈಕ್ ಎಳೆದುಕೊಂಡು, “ನಿಮ್ಮೆಲ್ಲರ ಒತ್ತಾಯದ ಮೇರೆಗೆ...” ಎಂದುಬಿಟ್ಟೆ. ಶಿಳ್ಳೆಯೋ ಶಿಳ್ಳೆ! ಅವನು ಹಳೆಯ ಪದವನ್ನೇ ಹಾಡಿದ. ಚೆನ್ನಾಗಿಯೇ ಹಾಡಿದ.

ವೇದಿಕೆಯ ಹಿಂದೆ ಗಿಟಾರಿಗೆ ಗವಸು ಹಾಕುತ್ತಿದ್ದ.

“ಹೆಂಗಿತ್ತಲೇ ದೋಸ್ತ! ಮಂದಿ ಹುಚ್ಚೆದ್ದು ಹೋತು!” ಅಂದೆ.

“ಆ ಹಾಡು ಮುಗಿದಿರಲಿಲ್ಲಲೇ” ಅಂದ. ಅಷ್ಟೆ. ಖಾನಾಪುರದ ಕೊನೆಯ ಬಸ್ಸು ಹಿಡಿದ. ಪರೀಕ್ಷೆಗೆ ಬಂದ, ಹೋದ. ನಮ್ಮ ಜೊತೆ ಮತ್ತೆ ಹಾಡಲಿಲ್ಲ.

ಅತ್ತ ರಘು ದೀಕ್ಷಿತರ ತಂಡದ ನಸೀಬು ಏರುತ್ತಲೇ ಇತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ನಡುವೆ ಸುದೀಪ್ ನಿರ್ದೇಶನದ ‘ಜಸ್ಟ್ ಮಾತ್ ಮಾತಲ್ಲಿ’ಗೆ ಸಂಗೀತ. ಇಂಗ್ಲೆಂಡಿನ ಮಂದಿಗೂ ಬೇಕಾದದ್ದು ಮೊದಲ ಆಲ್ಬಮ್ಮಿನ ಹಾಡುಗಳೇ. ಗೆದ್ದ ಹಾಡನ್ನು ಊರೂರಿಗೆ ಹೊತ್ತು ತಿರುಗುವವನಿಗೆ ಹೊಸ ಹಾಡು ಹೆರಲು ಹೊತ್ತೆಲ್ಲಿ? ಹೆತ್ತರೂ ಅದಕ್ಕೆ ಮೊದಲಿನದರ ಹಾಗೆ ಹತ್ತು ವರ್ಷದ ಆರೈಕೆ ಎಲ್ಲಿ? ಎಳೆಗೂಸನ್ನೇ ತಂದು ಸಂತೆಯಲ್ಲಿ ನಿಲ್ಲಿಸಬೇಕು. ನಾವು ತಕ್ಷಣ ಅದರ ಅಣ್ಣನ ಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತೇವೆ!

ಇದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ಸ್ಟೋನ್ ರೋಸಸ್ ತಂಡದ ಮೊದಲ ಆಲ್ಬಮ್ 1989ರಲ್ಲಿ ಬಂದು ಹೆಸರಾಯಿತು. ಎರಡನೆಯದು ಬರಲು 1994 ಆಯಿತು. ಅಷ್ಟು ಕಾದ ಜನ ಮೂಗು ಮುರಿದರು. ರಘು ಅವರ ತಮ್ಮ ವಾಸು ದೀಕ್ಷಿತರ ಸ್ವರಾತ್ಮ ತಂಡ ಸ್ವಲ್ಪ ಬೇಗ ಎದ್ದಿತು: ಮೊದಲನೆಯದು 2009, ಎರಡನೆಯದು ‘ಟೋಪಿವಾಲೆ’ 2012. ಒಂದೇ ಮನೆಯಿಂದ ಎರಡು ತಂಡ, ಎರಡಕ್ಕೂ ಅದೇ ಅಗ್ನಿಪರೀಕ್ಷೆ!

“ಮತ್ತ ‘ರಣಧೀರ’?” ಎಂದು ನಮ್ಮ ಕಾಕಾ ಈಗಲೂ ಜಗಳ ತೆಗೆಯುತ್ತಾರೆ. ಅವರ ಕ್ಯಾಸೆಟ್ ಪೆಟ್ಟಿಗೆಯಲ್ಲಿ 1987ರ ‘ಪ್ರೇಮಲೋಕ’ದ ಪಕ್ಕವೇ 1988ರ ‘ರಣಧೀರ’ ಇದೆ. ರವಿಚಂದ್ರನ್-ಹಂಸಲೇಖ ಜೋಡಿ ಒಂದೇ ವರ್ಷದಲ್ಲಿ ಎರಡನೇ ಸಲವೂ ಹೊಡೆದ ಸಿಕ್ಸರ್! ಒಪ್ಪಿದೆ ಕಾಕಾ. ಆದರೆ ಸಿನಿಮಾ ಹಾಡಿನ ಬೆನ್ನಿಗೆ ಕಥೆ ಇದೆ, ನಾಯಕಿ ಇದ್ದಾಳೆ, ಫೈಟಿದೆ. ಹಾಡು ಎಡವಿದರೆ ಹಿಡಿಯಲು ಹತ್ತು ಕೈ. ರಾಕ್ ತಂಡದವನಿಗೆ ಹಾಡು ಬಿಟ್ಟರೆ ಬೇರೆ ಏನಿದೆ? (ಕಾಕಾ ಒಪ್ಪಿಲ್ಲ. ಒಪ್ಪುವುದೂ ಇಲ್ಲ.)

2013ರಲ್ಲಿ ‘ಜಗ್ ಚಂಗಾ’ ಬಂತು. ನಾನಾಗ ಖಡೇ ಬಜಾರಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎರಡು ಹಾಡು ಕೇಳಿದೆ. ಎರಡನೆಯದನ್ನು ಅರ್ಧಕ್ಕೆ ಬಿಟ್ಟೆ. “ಮುಗೀತು ಇವರ ಕಥಿ. ಮೊದಲಿನಂಗ ಇಲ್ಲ” ಎಂದು ಸಿಕ್ಕವರಿಗೆಲ್ಲ ತೀರ್ಪು ಕೊಟ್ಟೆ.

ಮರು ವರ್ಷ ಜುಲೈ. ಮಾಲಕರು ವಸೂಲಿಗೆಂದು ಖಾನಾಪುರಕ್ಕೆ ಕಳಿಸಿದರು. ಪ್ಯಾಸೆಂಜರ್ ಗಾಡಿ ದೇಸೂರು ದಾಟಿ ಇದಲಹೊಂಡಕ್ಕೆ ಬಂದು ನಿಂತಿತು. ಆಗ ಅದು ಒಂಟಿ ಹಳಿ. ಎದುರಿನ ಗಾಡಿ ಬರುವ ತನಕ ನಿಲ್ಲಲೇಬೇಕು. ಹೊರಗೆ ಖಾನಾಪುರದ ಮಳೆ, ಅಂದರೆ ಕೊಡೆಗೂ ಕೊಡೆ ಬೇಕಾದ ಮಳೆ. ಫೋನಿನಲ್ಲಿ ಅಳಿಸಲು ಮರೆತ ಆ ಆಲ್ಬಮ್ ಇತ್ತು. ಬೇರೆ ದಾರಿಯಿಲ್ಲದೆ ಹಾಕಿದೆ. ಮೊದಲಿನಿಂದ ಕೊನೆಯ ತನಕ.

ಮೊದಲ ಆಲ್ಬಮ್ಮಿಗೆ ಅಂತರಾಗ್ನಿ ಎಂದು ಹೆಸರಿತ್ತು, ಒಳಗಿನ ಬೆಂಕಿ. ಎರಡನೆಯದರ ಹೆಸರು ಜಗ್ ಚಂಗಾ, ಜಗತ್ತು ಚೆಂದ. ಒಳಗೆ ಕುದಿಯುತ್ತಿದ್ದವನು ಬಾಗಿಲು ತೆಗೆದು ಹೊರಗೆ ನೋಡಿದ್ದಾನೆ. ಅವನನ್ನು ಹಿಡಿದು ‘ಒಳಗೇ ಕೂತು ಕುದಿ’ ಅಂದರೆ ಹೇಗೆ? ಇಲ್ಲೂ ಶರೀಫರು ಇದ್ದಾರೆ, ‘ಲೋಕದ ಕಾಳಜಿ’ ಇದೆ. ‘ಕೋಡಗನ ಕೋಳಿ ನುಂಗಿತ್ತ’ ಕೂಡ. ಇದನ್ನು ಮುಟ್ಟಲು ಧೈರ್ಯ ಬೇಕು ಸ್ವಾಮಿ! ಕನ್ನಡಿಗರ ಕಿವಿಯಲ್ಲಿ ಆ ಹಾಡು ಸಿ. ಅಶ್ವಥ್ ಅವರದು. 1990ರಲ್ಲಿ ನಾಗಾಭರಣರು ತೆಗೆದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅಶ್ವಥ್ ಅವರೇ. ಎಲ್ಲವೂ ಹಿಡಿಸಿತು ಅನ್ನಲಾರೆ. ಇಂಗ್ಲಿಷಿನ ಮಳೆ ಹಾಡು, ಅಷ್ಟು ಮಳೆಯಲ್ಲಿ ಕೂತಿದ್ದರೂ, ನನ್ನನ್ನು ತೋಯಿಸಲಿಲ್ಲ. ಆದರೆ ‘ಅಮ್ಮ’ ಹಾಡು ಮುಗಿದಾಗ ಎದುರಿನ ಗಾಡಿ ಯಾವಾಗ ದಾಟಿಹೋಯಿತು ಅನ್ನುವುದೇ ಗೊತ್ತಾಗಲಿಲ್ಲ. ಇದನ್ನು ಅಂಗಡಿಯಲ್ಲಿ ಕೂತು ಎರಡು ಹಾಡಿಗೆ ತೀರಿಸಿಬಿಟ್ಟಿದ್ದೆ. ಹಂಚಿನ ಹಾಡನ್ನಾದರೂ? ಒಂದೇ ನುಡಿಗೆ!

ವಸೂಲಿ ಆಮೇಲೆ ಎಂದು ಕೇಳಿಕೊಂಡು ಅವನ ಮನೆಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ; ಮಳೆಗೆ ಮಧ್ಯಾಹ್ನವೇ ಬಾಗಿಲು ಹಾಕಿ ಬಂದಿದ್ದ. ನನ್ನನ್ನು ನೋಡಿ ನಗಲಿಲ್ಲ, ಬೈಯಲೂ ಇಲ್ಲ. “ಒಳಗ ಬಾರಲೇ, ತೊಯ್ಯಾಕತ್ತೀಯಲ್ಲ” ಅಂದ. ಆಯಿ ಚಹಾ ತಂದುಕೊಟ್ಟರು. ಅದೂ ಇದೂ ಮಾತಾದವು.

“ಆ ನೋಟ್‌ಬುಕ್ ಐತೇನೋ?” ಅಂದೆ.

“ಯಾಕ? ಮತ್ತ ಮೈಕ್ ಕಸ್ಕೊಳ್ಳಾಕೇನು?”

ನಾನು ಚಹಾ ಕುಡಿದೆ. ಬಹಳ ಹೊತ್ತು ಬಿಟ್ಟು ಎದ್ದು ಹೋದ. ನೋಟ್‌ಬುಕ್ಕಿನ ಜೊತೆ ಗಿಟಾರೂ ಬಂತು. ಹಂಚಿನ ಹಾಡು ಪೂರ್ತಿ ಹಾಡಿದ. ಮೂರನೇ ನುಡಿಯಲ್ಲಿ ಅಪ್ಪ ಸೋರುವ ಸೂರಿನ ಕೆಳಗೆ ತಾನೇ ಮಾಡಿದ ಹಂಚುಗಳನ್ನು ಎಣಿಸುತ್ತಾನೆ. ಕಾಲೇಜಿನಲ್ಲಿ ಅಲ್ಲಿಯ ತನಕ ಯಾರೂ ಬಂದಿರಲಿಲ್ಲ. ನಾನೇ ಬರಗೊಟ್ಟಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅವನ ಅಪ್ಪ ಮೇಲೆ ನೋಡಿದರು.

ಎರಡನೆಯದು ಓವಿ ಧಾಟಿಯದು. ನಿಜ ಹೇಳುತ್ತೇನೆ ಗೆಳೆಯರೆ, ಅದು ನನಗೆ ಹಿಡಿಸಲಿಲ್ಲ. ಧಾಟಿ ಒಂದು ಕಡೆ, ಮಾತು ಒಂದು ಕಡೆ ಎಳೆಯುತ್ತಿದ್ದವು. ಹಾಗೆಂದು ಹೇಳಿಯೂ ಹೇಳಿದೆ.

“ನನಗೂ ಗೊತ್ತದ. ತಿದ್ದಬೇಕು” ಅಂದ. “ಇನ್ನೂ ಎರಡು ಅದಾವು. ನಿನಗ ಗಾಡಿ ಎಷ್ಟಕ್ಕ?”

“ರಾತ್ರೀದು ಹಿಡೀತೀನಿ ತಗೋ.”

ಆಯಿ ಇನ್ನೊಂದು ಸಲ ಚಹಾಕ್ಕೆ ಇಟ್ಟರು. ಅವನು ಕಿವಿ ಹಿಂಡಿ ತಂತಿ ಬಿಗಿ ಮಾಡತೊಡಗಿದ.