ಮುಕ್ತಿನಾಥ ಯಾತ್ರೆಯೂ ಒಂದು ತಲೆನೋವೂ

ದೆಹಲಿಯಲ್ಲಿರುವ ನಮಗೆ ನೇಪಾಳ ಪರದೇಶ ಎನ್ನಿಸುವುದೇ ಇಲ್ಲ. ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರಾಯಿತು. ಬೆಳಿಗ್ಗೆ ವಿಮಾನ ಹತ್ತಿದರೆ ಮಧ್ಯಾಹ್ನದ ಊಟ ಕಠ್ಮಂಡುವಿನಲ್ಲಿ. ಅಲ್ಲಿ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರಲ್ಲಿ ನಮ್ಮ ಕರ್ನಾಟಕದಿಂದ ಹೋದವರೇ ಇದ್ದಾರೆ. ಹೀಗಾಗಿ 2024ರ ಏಪ್ರಿಲ್‌ನಲ್ಲಿ, ಯುಗಾದಿ ಕಳೆದ ಮೇಲೆ ನಾವು ಐವರು ಹೊರಟಾಗ ಯಾರದೋ ಮನೆಗೆ ಹೋಗುವಷ್ಟೇ ನಿಶ್ಚಿಂತೆಯಿಂದ ಹೊರಟೆವು. ನಮ್ಮ ಯಜಮಾನರು, ನಾನು, ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗ, ಕಾಲೇಜು ಓದುವ ಮಗಳು ಮತ್ತು ಎಪ್ಪತ್ತೆಂಟರ ಅತ್ತೆಯವರು.

ಈ ಪ್ರವಾಸ ಮುಖ್ಯವಾಗಿ ಅತ್ತೆಯವರಿಗಾಗಿ. ಹಾಸನದ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ಸಾಲಿಗ್ರಾಮವಿದೆ. ಅದಕ್ಕೆ ನಲವತ್ತು ವರ್ಷ ಹಾಲು ತುಳಸಿ ಅರ್ಪಿಸಿದ ಅವರಿಗೆ, ಅದು ಹುಟ್ಟಿ ಬಂದ ಗಂಡಕಿ ನದಿಯನ್ನೂ ಮೇಲಿರುವ ಮುಕ್ತಿನಾಥನನ್ನೂ ಒಮ್ಮೆ ನೋಡಬೇಕೆಂಬ ಆಸೆ. ಮಕ್ಕಳೇ, ನಿಮಗೆ ಇನ್ನೊಂದು ವಿಷಯ ಹೇಳಬೇಕು. ಹಿಮಾಲಯ ಏಳುವುದಕ್ಕೆ ಮೊದಲು ಅಲ್ಲಿ ಸಮುದ್ರವಿತ್ತು. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಅದರಲ್ಲಿ ಬಾಳಿದ ಅಮೊನೈಟ್ ಎಂಬ ಚಿಪ್ಪಿನ ಜೀವಿಗಳು ಕಲ್ಲಾಗಿ, ಈಗ ಕಾಳಿ ಗಂಡಕಿಯಲ್ಲಿ ಉರುಳಿಬರುತ್ತವೆ. ಸಾಲಿಗ್ರಾಮದೊಳಗಿನ ಚಕ್ರ ಆ ಚಿಪ್ಪಿನ ಸುರುಳಿ. ಅಜ್ಜಿಯ ಭಕ್ತಿಗೂ ನಿಮ್ಮ ವಿಜ್ಞಾನಕ್ಕೂ ಆ ಕಲ್ಲಿನಲ್ಲಿ ಜಾಗವಿದೆ.

ಪೋಖರಾದಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನ. ಮಧ್ಯಾಹ್ನವಾದರೆ ಕಾಳಿ ಗಂಡಕಿಯ ಕಣಿವೆಯಲ್ಲಿ ಬಿರುಗಾಳಿ ಏಳುವುದರಿಂದ ಬೆಳಿಗ್ಗೆಯೇ ಹಾರಬೇಕು. ಒಂದು ಕಡೆ ಅನ್ನಪೂರ್ಣಾ, ಇನ್ನೊಂದು ಕಡೆ ಧೌಲಗಿರಿ, ಎರಡೂ ಎಂಟು ಸಾವಿರ ಮೀಟರ್ ದಾಟಿದ ಶಿಖರಗಳು, ನಡುವೆ ನಾವು. ಇಪ್ಪತ್ತು ನಿಮಿಷದಲ್ಲಿ ಸುಮಾರು 800 ಮೀಟರ್‌ನಿಂದ 2,700 ಮೀಟರ್ ಎತ್ತರಕ್ಕೆ ಬಂದಿದ್ದೆವು. ಅಲ್ಲಿಂದ ಜೀಪಿನಲ್ಲಿ ಕಾಗ್‌ಬೇನಿ ಹಾದು, ಸಂಜೆ ನಾಲ್ಕಕ್ಕೆ ಮುಕ್ತಿನಾಥದ ಕೆಳಗಿನ ರಾಣಿಪೌವಾ ಎಂಬ ಹಳ್ಳಿ. ಎತ್ತರ ಸುಮಾರು 3,700 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅದರ ಹೆಚ್ಚುಕಡಿಮೆ ಎರಡರಷ್ಟು!

ದೆಹಲಿಯ ನಮ್ಮ ಡಾಕ್ಟರು ಎಲ್ಲರಿಗೂ ಒಂದೇ ಬುದ್ಧಿವಾದ ಹೇಳಿ ಕಳಿಸಿದ್ದರು: ಮೇಲೆ ಹೋದ ದಿನ ಓಡಾಡಬೇಡಿ, ನೀರು ಕುಡಿಯುತ್ತಿರಿ, ಕೊಟ್ಟ ಮಾತ್ರೆ ತಪ್ಪಿಸಬೇಡಿ. ಅತ್ತೆಯವರು ಅದನ್ನು ಏಕಾದಶಿ ವ್ರತದಂತೆ ಪಾಲಿಸಿದರು. ಮಗರಾಯ ಮಾತ್ರ, “ಅಮ್ಮಾ, ನಾನು ಹಾಫ್ ಮ್ಯಾರಥಾನ್ ಓಡಿದವನು, ಇದೆಲ್ಲ ಅಜ್ಜಿಗೆ” ಎಂದು ನಕ್ಕು, ಚೀಲ ಇಟ್ಟವನೇ ದೇವಸ್ಥಾನದ ಬಾಗಿಲವರೆಗೂ ಓಡಿ ಹೋಗಿ ಬಂದ. ನಾವು ಬೆಳಿಗ್ಗೆ ದರ್ಶನಕ್ಕೆ ಹೋಗುವುದೆಂದು ಅತ್ತೆಯವರಿಗೆ ಕುದುರೆ ಗೊತ್ತುಮಾಡಿದೆವು. ಅಲ್ಲಿ ಗುಡಿಯ ಹಿಂದೆ 108 ಧಾರೆಗಳು ಹಿಮದಷ್ಟು ತಣ್ಣಗೆ ಸುರಿಯುತ್ತವಂತೆ. ವಿಷ್ಣುವಿನ ಆ ಕ್ಷೇತ್ರ ಬೌದ್ಧರಿಗೂ ಪವಿತ್ರ.

ರಾತ್ರಿ ಊಟದ ಹೊತ್ತಿಗೆ ಮಗನಿಗೆ ತಲೆನೋವು. ದಾಲ್-ಭಾತ್ ಮುಟ್ಟಲಿಲ್ಲ. ಎರಡು ಸಲ ವಾಂತಿಯಾಯಿತು. ಹತ್ತು ಗಂಟೆಗೆ ಬಚ್ಚಲಿಗೆಂದು ಎದ್ದವನು ಕುಡಿದವನಂತೆ ತೂರಾಡಿ ಗೋಡೆ ಹಿಡಿದುಕೊಂಡ. ಸದ್ದು ಕೇಳಿ ಬಂದ ವಸತಿಗೃಹದ ಯಜಮಾನತಿ, ಒಂದು ಹಿಮ್ಮಡಿಗೆ ಇನ್ನೊಂದು ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆ ಎಂದು ಅವನಿಗೆ ಹಿಂದಿಯಲ್ಲಿ ಹೇಳಿದಳು. ನಾಲ್ಕು ಹೆಜ್ಜೆಯೂ ಆಗಲಿಲ್ಲ. “ಬೆಳಗಾಗುವವರೆಗೆ ಕಾಯಬೇಡಿ, ಈಗಲೇ ಇಳಿಯಿರಿ” ಎಂದು ಆಕೆಯೇ ಜೀಪಿನವನನ್ನು ಎಬ್ಬಿಸಿದಳು.

ನಮ್ಮ ಯಜಮಾನರು ಮಗನೊಂದಿಗೆ ತಾವೊಬ್ಬರೇ ಇಳಿಯುವುದೆಂದೂ, ಉಳಿದವರು ದರ್ಶನ ಮುಗಿಸಿ ಬರುವುದೆಂದೂ ಹೇಳಿದರು. ನಾನು ಅತ್ತೆಯವರ ಮುಖ ನೋಡಿದೆ. ಗುಡಿ ಅರ್ಧ ಗಂಟೆಯ ದಾರಿಯಲ್ಲಿತ್ತು. ಅವರು ಆಗಲೇ ಶಾಲು ಹೊದ್ದು ಕೋಲು ಹಿಡಿದು ನಿಂತಿದ್ದರು. “ನಾರಾಯಣ ಎಲ್ಲಿಗೂ ಓಡಿಹೋಗೋದಿಲ್ಲ ಕಣೋ. ಮೊದಲು ಹುಡುಗನನ್ನ ಇಳಿಸು. ಎಲ್ಲರೂ ಒಟ್ಟಿಗೇ ಹೋಗೋಣ” ಎಂದರು. ಮುಂದೆ ಯಾರೂ ಮಾತಾಡಲಿಲ್ಲ.

ಆ ಕತ್ತಲಲ್ಲಿ, ಆ ತಿರುವುಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಅವನು ನಿದ್ದೆಗೆ ಜಾರದಂತೆ ಹೆಸರು, ಊರು, ಮನೆಯ ಫೋನ್ ನಂಬರು ಕೇಳುತ್ತಾ ಬಂದೆ. ಒಮ್ಮೆ ನಂಬರು ತಪ್ಪು ಹೇಳಿದಾಗ ನನ್ನ ಎದೆ ಝಲ್ಲೆಂದಿತು. ಜೋಮ್‌ಸೋಮ್ ಆಸ್ಪತ್ರೆಯಲ್ಲಿ ಆಮ್ಲಜನಕವಿಟ್ಟು ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ಅವನು ತಾನಾಗಿ ಕಾಫಿ ಕೇಳಿದಾಗ ನನಗೆ ಜೀವ ಬಂದಂತಾಯಿತು.

ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯದ ಬಿ.ಎ., ವೈದ್ಯಶಾಸ್ತ್ರವಲ್ಲ. ಆದರೂ ಅಲ್ಲಿನ ಡಾಕ್ಟರು ತಿಳಿಸಿ ಹೇಳಿದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಅಷ್ಟು ಮೇಲೆ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕೆಳಗಿನದರ ಮೂರರಲ್ಲಿ ಎರಡು ಪಾಲಿನಷ್ಟೇ. ದೇಹ ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಹೊಂದದಿದ್ದರೆ ತಲೆನೋವು, ವಾಕರಿಕೆ. ಮೀರಿದರೆ ಮಿದುಳಿನಲ್ಲಿ ಊತ, ಆಗಲೇ ತೂರಾಟ. ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಎರಡೂ ಪ್ರಾಣಕ್ಕೆ ಕುತ್ತು. ವಯಸ್ಸು, ಕಸರತ್ತು, ಓಟದ ಪದಕ ಯಾವುದೂ ಇದಕ್ಕೆ ರಕ್ಷೆಯಲ್ಲ. ಗಟ್ಟಿಮುಟ್ಟಾದ ಹುಡುಗರು ಬೇಗ ಬೇಗ ಹತ್ತಿ, ನೋವನ್ನು ಬಚ್ಚಿಟ್ಟುಕೊಂಡು ಹೆಚ್ಚು ತೊಂದರೆಗೆ ಸಿಕ್ಕುತ್ತಾರಂತೆ. ಮೊದಲ ಮದ್ದು ಕೆಳಗಿಳಿಯುವುದು.

ಕೈಲಾಸ ಮಾನಸ ಸರೋವರಕ್ಕೆ ಸರ್ಕಾರದ ಮೂಲಕ ಹೋಗುವವರನ್ನು ಇಲ್ಲೇ ದೆಹಲಿಯಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. ಲಿಪುಲೇಖದ ದಾರಿಯಲ್ಲಾದರೆ ಗುಂಜಿಯಲ್ಲಿ ಮತ್ತೊಮ್ಮೆ ಪರೀಕ್ಷೆ. ಮುಕ್ತಿನಾಥಕ್ಕಾಗಲಿ, ವಿಮಾನದಲ್ಲಿ ನೇರವಾಗಿ ಇಳಿಯುವ ಲೇಹ್‌ಗಾಗಲಿ ಹಾಗೆ ತಡೆದು ನಿಲ್ಲಿಸುವವರು ಯಾರೂ ಇಲ್ಲ. ನಮ್ಮ ಎಚ್ಚರ ನಮಗಿರಬೇಕು. ಮೂರು ಸಾವಿರ ಮೀಟರ್ ದಾಟುವ ಮೊದಲು ಒಂದೆರಡು ರಾತ್ರಿ ನಡುವೆ ತಂಗಿ. ಆಮೇಲೆ ಒಂದು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ಹೋಗಿ ಮಲಗಬೇಡಿ. ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ವೀಸಾ ಬೇಡವೆಂದು ವಿಮೆ ಬೇಡವೆನ್ನಬೇಡಿ. ಕೆಲವು ಪಾಲಿಸಿಗಳು ಇಂತಿಷ್ಟು ಎತ್ತರದವರೆಗೆ ಮಾತ್ರ ಸಲ್ಲುತ್ತವೆ, ಓದಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ತಲೆ ನೋಯುತ್ತಿದೆ ಎಂದು ಹೇಳಲು ನಾಚಬೇಡಿ.

ಆ ದಿನ ಪೋಖರಾಕ್ಕೆ ವಿಮಾನ ಹತ್ತುವ ಮುಂಚೆ ಅತ್ತೆಯವರು ಜೋಮ್‌ಸೋಮ್‌ನಲ್ಲೇ ಹರಿಯುವ ಕಾಳಿ ಗಂಡಕಿಗಿಳಿದು, ಬೊಗಸೆ ನೀರು ತಲೆಗೆ ಪ್ರೋಕ್ಷಿಸಿಕೊಂಡರು. ಮುಕ್ತಿನಾಥನ ದರ್ಶನ ಇನ್ನೂ ಬಾಕಿ ಇದೆ. ಮುಂದಿನ ಸಲ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ ತಂಗುವುದೆಂದು ಮೊಮ್ಮಗನೇ ಪಟ್ಟಿ ಬರೆದಿದ್ದಾನೆ, ಅಜ್ಜಿಯೂ ಒಪ್ಪಿದ್ದಾರೆ.