ನೆನಪಿನ ಗುಡ್ಡಕ್ಕೆ ಯಾವ ನೀಲಿ?

ಜಲವರ್ಣದಲ್ಲಿ ಬಿಳಿ ಹಚ್ಚೋದಲ್ಲ, ಬಿಡೋದು. ಕೆರೆ ಮೇಲೆ ಬಿಸಿಲು ಹೊಳೀಬೇಕು ಅಂದ್ರೆ ಅಲ್ಲಿ ಕಾಗದವನ್ನು ಖಾಲಿ ಬಿಟ್ಟಿರಬೇಕು. ಗಾಢ ಬಣ್ಣ ಒಮ್ಮೆ ಕೂತ ಮೇಲೆ ಅದರ ಮೇಲೆ ತಿಳಿ ಬಣ್ಣ ನಿಲ್ಲೋದಿಲ್ಲ. ಹಾಗಾಗಿ ಬೆಳಕು ಎಲ್ಲಿತ್ತು ಅನ್ನೋದು ಬ್ರಷ್ ಎತ್ತುವ ಮೊದಲೇ ಗೊತ್ತಿರಬೇಕು. ಎದುರಿಗೆ ಕೂತು ಬಿಡಿಸುವವರಿಗೆ ಕತ್ತೆತ್ತಿ ನೋಡಿದ್ರೆ ಆಯ್ತು. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಹಾಗೆ ಎದುರು ನಿಂತೇ ಬಿಡಿಸಿದವರು. ಹಾಸ್ಟೆಲ್ ರೂಮಿನಲ್ಲಿ ಕೂತು ಊರು ಬಿಡಿಸುವ ನಮ್ಮ ಮೂವರಿಗೆ ಕಿಟಕಿಯಾಚೆ ಕಾಣೋದು ನೀರಿನ ಟ್ಯಾಂಕು, ಬೈಕ್ ಸ್ಟ್ಯಾಂಡು.

ನಮ್ಮ ನಿಯಮ ಒಂದೇ: ಫೋಟೋ ನೋಡೋ ಹಾಗಿಲ್ಲ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಲಕೋಕ್ ದ ಬ್ವಾಬೋದ್ರಾನ್ ಎಂಬ ಮೇಷ್ಟ್ರು ಇದನ್ನೇ ಪಾಠ ಮಾಡಿದ್ದರು. ಚೆನ್ನಾಗಿ ನೋಡಿ, ಆಮೇಲೆ ಅದು ಕಣ್ಣೆದುರು ಇಲ್ಲದೆ ಬಿಡಿಸಿ ಅಂತ. ಶಿಲ್ಪಿ ರೋಡಿನ್ ಅವರ ಶಿಷ್ಯ.

ಕೆಲವು ಸಂಗತಿ ನೆನಪಿಲ್ಲದಿದ್ರೂ ನಡೆಯುತ್ತೆ. ದೂರದ ಗುಡ್ಡ ನೀಲಿ, ಹತ್ತಿರದ್ದು ಹಸಿರು. ನಡುವಿನ ಗಾಳಿ ನೀಲಿಯನ್ನು ಹೆಚ್ಚು ಚದುರಿಸುತ್ತೆ ಅಂತ ಫಸ್ಟ್ ಇಯರ್ ಹುಡುಗರಿಗೂ ಗೊತ್ತು. ಅಲ್ಟ್ರಾಮರೀನ್‌ಗೆ ಚೂರು ಬರ್ನ್ಟ್ ಸಿಯೆನಾ ಬೆರೆಸಿದ್ರೆ ಮಳೆಮೋಡದ ಬೂದು ಸಿಗುತ್ತೆ. ಆದರೆ ದಾರಿ ಎಲ್ಲಿ ತಿರುಗುತ್ತಿತ್ತು ಅನ್ನೋದನ್ನ ಯಾವ ಫಾರ್ಮುಲಾನೂ ಹೇಳಲ್ಲ.

ನಮ್ಮಲ್ಲೊಬ್ಬ ಸಾಗರದ ಕಡೆಯವನು. ಶರಾವತಿ ಹಿನ್ನೀರನ್ನು ಬಿಡಿಸಿ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ. "ಚೆಂದ ಇದೆ. ನಮ್ಮ ಗದ್ದೆ ಇದರ ಅಡಿಗಿತ್ತು" ಅಂದ್ರು ಅಜ್ಜಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವರು ಹತ್ತು ವರ್ಷದ ಹುಡುಗಿ. ಮುಳುಗಿದ ಆ ಊರಿನ ಒಂದು ಫೋಟೋವೂ ಮನೇಲಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಮರದ ಬೊಡ್ಡೆಗಳು ಕಾಣುತ್ತವೆ, ಅಷ್ಟೇ.

ಈಗ ಮೂವರೂ ಸೇರಿ ಆ ಊರನ್ನೇ ಬಿಡಿಸ್ತಿದೀವಿ. ಕೈ ನಮ್ಮದು, ನೆನಪು ಅಜ್ಜಿಯದು. ಭಾನುವಾರ ಅವರು ಫೋನಿನಲ್ಲಿ ಹೇಳ್ತಾರೆ, ನಾವು ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೋತೀವಿ. (ಎಂಜಿನಿಯರಿಂಗ್ ಡ್ರಾಯಿಂಗ್‌ನ ಟಾಪ್ ವ್ಯೂ ಕೊನೆಗೂ ಒಂದು ಉಪಯೋಗಕ್ಕೆ ಬಂತು.) ಮೊದಲ ಹಾಳೆ ನೋಡಿ, "ದಾರಿ ಹಲಸಿನ ಮರದ ಈ ಬದಿಗಿತ್ತು ಮಾರಾಯ, ನೀವು ಆ ಬದಿಗೆ ಹಾಕಿದೀರಿ" ಅಂದ್ರು. ದಾರಿಗೆ ಅಂತ ಬಿಟ್ಟ ಬಿಳಿಯನ್ನು ಎತ್ತಿ ಇನ್ನೊಂದು ಕಡೆ ಇಡೋಕಾಗಲ್ಲ, ಹೊಸ ಹಾಳೆಯೇ ಬೇಕು. 300 ಜಿಎಸ್‌ಎಂ ಹಾಳೆ ಹಾಸ್ಟೆಲ್ ಬಜೆಟ್ಟಿಗೆ ದುಬಾರಿ, ಆದ್ರೂ ತಂದ್ವಿ.

ಎರಡನೆಯದನ್ನು ನೋಡಿ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಮರದ ಹಿಂದೆ ಒಂದು ಬಾವಿ ಇತ್ತು, ಇಷ್ಟು ವರ್ಷ ಮರೆತೇ ಹೋಗಿತ್ತು ಅಂದ್ರು. ಬಾವಿಕಟ್ಟೆ ದುಂಡಗಿತ್ತಾ, ಚೌಕವಿತ್ತಾ ಅಂತ ಅವರ ಅಕ್ಕನನ್ನು ಕೇಳಿ ಹೇಳ್ತಾರಂತೆ. ಮೂರನೇ ಹಾಳೆಯಲ್ಲಿ ಅಷ್ಟು ಜಾಗ ಬಿಳಿ ಬಿಟ್ಟಿದ್ದೀವಿ.