ಕೋಟು ಒಳಗಿಡ್ರೋ, ಒಗ್ಗರಣೆ ಹಾಕ್ತೀನಿ

ಅಡುಗೆಮನೆಯಿಂದ ಅಮ್ಮ ಹೀಗೆ ಕೂಗಿದ್ದೇ ತಡ, ನಾವು ಮೂವರೂ ಬಾಗಿಲ ಬಳಿ ತೂಗುಹಾಕಿದ್ದ ಉಣ್ಣೆಕೋಟು, ಟೊಪ್ಪಿ, ಮಫ್ಲರುಗಳನ್ನೆಲ್ಲ ಬಾಚಿ ತಬ್ಬಿಕೊಂಡು ಮಲಗುವ ಕೋಣೆಗೆ ಓಡಿ, ಕದ ಹಾಕಿ, ಸಂದಿಗೆ ಅಪ್ಪಯ್ಯನ ಹಳೇ ಪಂಚೆ ತುರುಕುತ್ತಿದ್ದೆವು. ಸಾಸಿವೆ ಚಟಗುಟ್ಟುವುದರೊಳಗೆ ಇಷ್ಟೂ ಆಗಬೇಕು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳೆಂದು ಅಕ್ಕ ಮನೆಗೆ ಬಂದು ಅತ್ತ ದಿನ ಅಮ್ಮ ಮಾಡಿದ ಕಟ್ಟಳೆ ಅದು. ಒಗ್ಗರಣೆಯನ್ನು ಮಾತ್ರ ಬಿಡಲಿಲ್ಲ.

1965ರಲ್ಲಿ ಅಮೆರಿಕ ವಲಸೆಯ ಕಾನೂನು ಬದಲಿಸಿದ ಮೇಲೆ ಊರು ಬಿಟ್ಟ ಎಂಜಿನಿಯರುಗಳಲ್ಲಿ ಅಪ್ಪಯ್ಯನೂ ಒಬ್ಬ. ಆಗ ವಿದೇಶಕ್ಕೆ ಒಯ್ಯಲು ಸಿಗುತ್ತಿದ್ದ ಹಣ 8 ಡಾಲರು. ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ಶಿಕಾಗೋದಲ್ಲಿ ಇಳಿದವನು, ಎರಡು ವರ್ಷದ ಮೇಲೆ, 1972ರಲ್ಲಿ, ಸಾಗರದ ಸೀಮೆಯ ತೋಟದ ಮನೆಯಿಂದ ನಮ್ಮನ್ನು ಕರೆಸಿಕೊಂಡ. ಡೆವನ್ ಬೀದಿಯಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆದದ್ದು 1974ರಲ್ಲಿ. ಅಲ್ಲಿಯವರೆಗೆ ಹಳದಿ ಬಟಾಣಿಬೇಳೆಯೇ ನಮ್ಮ ತೊಗರಿಬೇಳೆ, ಕ್ರೀಮ್ ಆಫ್ ವೀಟೇ ಉಪ್ಪಿಟ್ಟಿನ ರವೆ. ಒಂದೆಲಗ ಸಿಗದ ಊರಲ್ಲಿ ಪಾಲಕ್ ಸೊಪ್ಪಿನ ತಂಬ್ಳಿ ಮಾಡಿ, ಮೊದಲ ತುತ್ತು ನಾವು ಬಾಯಿಗಿಡುವಾಗ ಅಮ್ಮ ನಮ್ಮ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಕೊಟ್ಟ ಅಪ್ಪೆಮಿಡಿಯನ್ನು ಭಾನುವಾರ ಮಾತ್ರ ತೆಗೆಯುವುದು, ತಲೆಗೆ ಅರ್ಧ ಮಿಡಿ. ಓಟೆಯನ್ನು ಚೀಪಿ ಚೀಪಿ ಸಂಜೆಯವರೆಗೂ ದವಡೆಯಲ್ಲೇ ಇಟ್ಟುಕೊಂಡಿರುತ್ತಿದ್ದೆವು.

ಇಡ್ಲಿಹಿಟ್ಟಿನದು ಬೇರೆಯದೇ ಕಥೆ. ಆ ಚಳಿಗೆ ಹಿಟ್ಟು ಹುದುಗು ಬರುವುದಾದರೂ ಹೇಗೆ? ಗ್ಯಾಸ್ ಒಲೆಯ ಓವನ್ನಿನಲ್ಲಿ ಹಗಲೂ ರಾತ್ರಿ ಆರದೆ ಉರಿಯುವ ಒಂದು ಪುಟ್ಟ ನೀಲಿ ಉರಿ ಇತ್ತು. ಅದರ ಶಾಖದಲ್ಲಿ ಪಾತ್ರೆಯಿಟ್ಟು, ಯಾರೂ ಮರೆತು ಓವನ್ ಹಚ್ಚದಿರಲಿ ಎಂದು ಗುಂಡಿಗೆ ಅಕ್ಕನ ಕೆಂಪು ಜಡೆಪಟ್ಟಿ ಕಟ್ಟುವುದು. ಬೆಳಗ್ಗೆ ಎದ್ದವರಲ್ಲಿ ಮೊದಲಿಗರು ಪಟ್ಟಿ ಬಿಚ್ಚಿ, ಬಾಗಿಲು ತೆಗೆದು, ಹುಳಿವಾಸನೆ ಮೂಗಿಗೆ ಬಡಿಯುತ್ತಲೇ "ಅಮ್ಮಾ, ಉಬ್ಬಿದೆ!" ಎಂದು ಕೂಗಬೇಕು. ಆ ಕೂಗು ನನ್ನದೇ ಆಗಲಿ ಎಂದು ಕತ್ತಲಲ್ಲೇ ಏಳುತ್ತಿದ್ದೆ.

1979ರ ಜನವರಿಯಲ್ಲಿ ಎರಡು ದಿನಕ್ಕೆ 20 ಅಂಗುಲದಷ್ಟು ಹಿಮ ಸುರಿದು ಶಿಕಾಗೋ ಹೂತುಹೋದಾಗ, ಹತ್ತಿರದ ಬೀದಿಯಲ್ಲಿದ್ದ ಇನ್ನೆರಡು ಕನ್ನಡದ ಸಂಸಾರಗಳು ಅಕ್ಕಿಚೀಲ ಹೊತ್ತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮಲ್ಲಿಗೇ ಬಂದುಬಿಟ್ಟವು. ಗಂಡಸರು ಇಸ್ಪೀಟು ಕಲಸುತ್ತ, ಹೆಂಗಸರು ಉರಿಯ ಮೇಲೆ ಹಲಸಿನ ಹಪ್ಪಳ ಸುಡುತ್ತ ಹೊತ್ತು ಕಳೆದರು. ರಾತ್ರಿ ಹನ್ನೆರಡು ಜನ ಒಂದೇ ಚಾವಡಿಯಲ್ಲಿ ಸಾಲಾಗಿ ಮಲಗಿದ್ದೆವು. ಕಿಟಕಿ ಬಳಿ ಕೂತ ಅಮ್ಮ, "ಮಳೆಯಾದರೆ ಹೆಂಚಿನ ಮೇಲೆ ಸದ್ದಾದರೂ ಆಗತ್ತೆ. ಇದು ಕಳ್ಳನ ಹಾಗೆ ಬೀಳತ್ತಲ್ಲ, ನಿದ್ದೆ ಬರೋದಾದ್ರೂ ಹೇಗೆ?" ಎಂದಳು. ಯಾರೂ ಮಾತಾಡಲಿಲ್ಲ. ಅವರೆಲ್ಲ ಆಗ ಎಷ್ಟು ಚಿಕ್ಕವರು! ಮೂವತ್ತೈದು ದಾಟಿದವರು ಆ ಕೋಣೆಯಲ್ಲಿ ಅಪ್ಪಯ್ಯ ಒಬ್ಬನೇ.

ಭಾನುವಾರ ಊಟವಾದ ಮೇಲೆ ಕಾಗದ. ನೀಲಿ ಏರೋಗ್ರಾಮಿನಲ್ಲಿ ಅಪ್ಪಯ್ಯ ಬರೆದು, ಅಮ್ಮ ಬರೆದು, ಮಡಿಕೆಯ ಅಂಚಿನಲ್ಲಿ ಉಳಿದ ಜಾಗ ನಮಗೆ. ತಮ್ಮನದು ಪ್ರತಿ ಸಲವೂ ಒಂದೇ: "ಅಜ್ಜಿ ಕ್ಷೇಮವೇ, ದನ ಕ್ಷೇಮವೇ." ಏರೋಗ್ರಾಮಿನೊಳಗೆ ಏನನ್ನೂ ಇಡುವಂತಿರಲಿಲ್ಲ. ಒಂದು ಸಲ ಮೇಪಲ್ ಎಲೆ ಕಳಿಸುವ ಆಸೆ ತಡೆಯಲಾರದೆ ಅಕ್ಕ ಎಲೆಯನ್ನೇ ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಗೆರೆ ಎಳೆದಳು.

ಅಜ್ಜಿ ಹೋದ ಮೇಲೆ ನಾವು ಮೂವರೂ ಊರಿಗೆ ಹೋದಾಗ, ನಡುಮನೆಯ ಗೋಡೆಯ ಕಂಬಿಯಲ್ಲಿ ಅಷ್ಟೂ ಕಾಗದಗಳು ಒಂದರ ಮೇಲೊಂದು ಚುಚ್ಚಿಕೊಂಡು ನೇತಾಡುತ್ತಿದ್ದವು. ಮೇಪಲ್ ಎಲೆಯೂ ಇತ್ತು, ನಟ್ಟನಡುವೆ ಕಂಬಿ ಹೊಕ್ಕ ತೂತು. ಅಕ್ಕ ಅದನ್ನು ಮೆಲ್ಲಗೆ ಬಿಡಿಸಿ ಮೂಗಿಗೆ ಹಿಡಿದಳು. ಇನ್ನೂ ಇಂಗಿನ ವಾಸನೆ ಬರತ್ತೆ, ನೋಡ್ರೋ ಅಂದಳು. ನಾವೂ ಮೂಸಿದೆವು. ನನಗೂ ತಮ್ಮನಿಗೂ ಬಚ್ಚಲೊಲೆಯ ಹೊಗೆಯ ವಾಸನೆ ಬಂತು.